ಶೆಟ್ರ ಕಾರಿನ ಇನ್ಶೂರೆನ್ಸು

ನಮ್ಮ ನಿಟ್ಟೆ ಕಡೆ ಮನೆಗೊಂದು ಕಾರು ಬಂದರೆ ಅದರ ರಕ್ಷಣೆಗೆ ಜನ ಕಡಿಮೆ ಇಲ್ಲ. ಮೊದಲು ದೇವಸ್ಥಾನದಲ್ಲಿ ವಾಹನ ಪೂಜೆ, ಚಕ್ರದಡಿಗೆ ಲಿಂಬೆಹುಳಿ. ಮತ್ತೆ ಮನೆಯ ದೈವದ ಮುಂದೆ ಕೈಮುಗಿದು ಒಂದು ಮಾತು. ಜನವರಿಯಲ್ಲಿ ಅತ್ತೂರು ಚರ್ಚಿನ ಸಾಂತ್‌ಮಾರಿ ಜಾತ್ರೆಗೆ ಹೋದಾಗ ಅಲ್ಲಿಯೂ ಒಂದು ಮೇಣದಬತ್ತಿ. ಇಷ್ಟೆಲ್ಲ ಆದ ಮೇಲೆಯೂ ಇನ್ಶೂರೆನ್ಸ್ ಮಾಡಿಸಿ ಎಂದು ಸರ್ಕಾರ ಹೇಳುವುದು ಅಧಿಕಪ್ರಸಂಗ ಎಂಬುದು ಪಕ್ಕದ ಮನೆಯ ಶೆಟ್ರ ವಾದ.

ಶೆಟ್ರದ್ದು ಹಳೆಯ ಮಾರುತಿ 800. ಮೊನ್ನೆ ಏಜೆಂಟ್ ಹುಡುಗ ಬಂದು ಜಗಲಿಯಲ್ಲಿ ಕೂತ. ಪಂಚಾಯಿತಿಕೆಗೆ ನನಗೂ ಕರೆ ಬಂತು.

"ಈ ಕಾರು ಗುದ್ದಿ ಜಜ್ಜಿ ಹೋದರೆ ಕಂಪೆನಿ ಎಷ್ಟು ಕೊಡ್ತದೆ?"

"ಏನೂ ಇಲ್ಲ ಶೆಟ್ರೇ. ಇದು ಬರೀ ಥರ್ಡ್ ಪಾರ್ಟಿ."

"ಮತ್ತೆ ನಾನು ದುಡ್ಡು ಕೊಡುದು ಎಂತಕ್ಕೆ ಮಾರಾಯ?"

ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎನ್ನುವ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಎಷ್ಟೋ ಜನರಿಗೆ ತಲೆಗೆ ಹೋಗದಿರುವುದು ಇಲ್ಲಿಯೇ. ಶೆಟ್ರ ಬಂಪರು, ಶೆಟ್ರ ಗ್ಲಾಸು, ತೆಂಗಿನಕಾಯಿ ಬಿದ್ದು ಬಾನೆಟ್ಟಿನಲ್ಲಾದ ಗುಳಿ, ಇದ್ಯಾವುದೂ ಆ ಕಲಮಿನ ಚಿಂತೆಯಲ್ಲ. ದಾರಿಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಪಾಪದವನಿಗೆ ಶೆಟ್ರು ಗುದ್ದಿದರೆ ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು, ಅಷ್ಟೇ. ನಮ್ಮ ಕಾರಿನ ರಿಪೇರಿಗೆ ಬೇಕಾದರೆ ಓನ್ ಡ್ಯಾಮೇಜ್ ಬೇರೆ ಮಾಡಿಸಬೇಕು. ಅದು ಅವರವರ ಇಷ್ಟ. ಕಾರಿಗೂ ತೆಂಗಿನ ಮರಕ್ಕೂ ಒಂದೇ ಅಂಗಳವಿರುವ ನಮ್ಮೂರಲ್ಲಾದರೂ ಅದನ್ನೂ ಕಡ್ಡಾಯ ಮಾಡಬೇಕಿತ್ತು ಎಂದು ನನಗೆ ಅನ್ನಿಸುವುದುಂಟು.

ಹುಡುಗ ಲೆಕ್ಕ ಹೇಳಿದ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 2,094 ರೂಪಾಯಿ, ತೆರಿಗೆ ಬೇರೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ, ಇನ್ನೊಮ್ಮೆಗೆ 4,000. ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಉಂಟು.

ಶೆಟ್ರ ಮುಖ ಅರಳಿತು. "ಹಾಗಾದರೆ ಮೊದಲ ಸಲ ಸಿಕ್ಕಿಬಿದ್ದರೆ 94 ರೂಪಾಯಿ ಲಾಭ!"

"ಗುದ್ದಿದರೆ ಪರಿಹಾರಕ್ಕೆ ನಿಮ್ಮ ಗದ್ದೆ ಮಾರ್ಬೇಕು" ಎಂದ ಹುಡುಗ. ಶೆಟ್ರು ಸ್ವಲ್ಪ ಹೊತ್ತು ಗದ್ದೆಯ ಕಡೆ ನೋಡಿದರು. ವಿಮೆ ಬೇಕಾದದ್ದು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದಕ್ಕೆ ಎಂದು ನಾನು ಬಾಯಿ ತಪ್ಪಿ ಹೇಳಿದೆ. ಕಾರ್ಕಳಕ್ಕೆ ಅಡಿಕೆ ತೋಟದೊಳಗಿಂದಲೇ ಹೋಗಲಾಗುತ್ತದೋ ಎಂಬ ಯೋಚನೆ ಅವರಿಗೆ ಬಂದದ್ದು ಆಗ.

ಮಾಲೀಕ ತಾನೇ ಓಡಿಸುವಾಗ ಅಪಘಾತದಲ್ಲಿ ಹೋದರೆ ಮನೆಯವರಿಗೆ 15 ಲಕ್ಷ ಸಿಗುವ ಇನ್ನೊಂದು ರಕ್ಷೆಯೂ ಉಂಟು ಎಂದು ಹುಡುಗ ಹೇಳಿದ್ದೇ ತಡ, ಒಳಗೆ ಕಾಯಿ ತುರಿಯುತ್ತಿದ್ದ ಶಬ್ದ ನಿಂತಿತು. "ಎಷ್ಟು ಲಕ್ಷ ಅಂದದ್ದು?" ಎಂದು ಶೆಡ್ತಿಯಮ್ಮ ಬಾಗಿಲಿಗೆ ಬಂದರು. ಅಂದಿನಿಂದ ಶೆಟ್ರು ಕಷಾಯವನ್ನು ಮೂಸಿ ನೋಡಿಯೇ ಕುಡಿಯುವುದು. ಕಷಾಯ ಆ ಪಾಲಿಸಿಯಲ್ಲಿ ಬರುವುದಿಲ್ಲ ಎಂದು ನಾನಿನ್ನೂ ಅವರಿಗೆ ಹೇಳಿಲ್ಲ.

ಕೊನೆಗೆ ದುಡ್ಡು ಎಣಿಸುತ್ತ ಶೆಟ್ರು ಕೇಳಿದರು, "ಕಂಬಳದ ಕೋಣಕ್ಕೆ ಗುದ್ದಿದರೆ?"

ಇನ್ನೊಬ್ಬರ ಸೊತ್ತಿಗಾದ ನಷ್ಟಕ್ಕೆ ಕಂಪೆನಿ ಕೊಡುವುದು ಹೆಚ್ಚೆಂದರೆ 7.5 ಲಕ್ಷ, ಮನುಷ್ಯನ ಜೀವಕ್ಕಾದರೆ ಅಂಥ ಮಿತಿ ಇಲ್ಲ, ಕೋರ್ಟ್ ಹೇಳಿದಷ್ಟು ಎಂದ ಹುಡುಗ.

"ಏಳೂವರೆಗೆ ಒಳ್ಳೆ ಕೋಣ ಎಲ್ಲಿ ಸಿಗ್ತದೆ ಮಾರಾಯ? ಮೇಲಿನದ್ದು ಯಾರು ಕೊಡುದು?"

"ನೀವೇ."

ಪಾಲಿಸಿ ಆಯಿತು. ಆದರೂ ಮಿಯ್ಯಾರು ಕಂಬಳಕ್ಕೆ ಶೆಟ್ರು ಹೋದದ್ದು ಬಸ್ಸಿನಲ್ಲಿ.