ಅಂತ್ಯಕ್ಲಿಕ್ ಮೀಮಾಂಸೆ

ಸ್ವತಃ ಅಂಗಡಿಯನ್ನಿಡದೆ, ಸರಕನ್ನು ಕಣ್ಣಿನಿಂದಲೂ ಕಾಣದೆ, ಅನ್ಯರ ಅಂಗಡಿಗೆ ಗಿರಾಕಿಯನ್ನು ಅಟ್ಟಿದ ಮಾತ್ರಕ್ಕೇ ಕಮಿಷನ್ ಪಡೆಯುವ ಅಫಿಲಿಯೇಟ್ ವಿದ್ಯೆಯು, 1996ರಲ್ಲಿ ಅಮೆಜಾನ್ ಸಂಸ್ಥೆಯು 'ಅಸೋಸಿಯೇಟ್ಸ್' ಎಂಬ ಹೆಸರಿನಿಂದ ದೀಕ್ಷಾವಿಧಿಯನ್ನು ಕಲ್ಪಿಸಿದಂದಿನಿಂದ ಶಾಸ್ತ್ರಪದವಿಗೇರಿತೆಂಬುದು ಬಲ್ಲವರ ಮತ; ಅದಕ್ಕೆರಡು ವರ್ಷ ಮೊದಲೇ, ಸಂಗೀತದ ಸಿ.ಡಿ.ಗಳನ್ನು ಮಾರುತ್ತಿದ್ದ ಸಿಡಿನೌ ಇದನ್ನು ಆಚರಿಸುತ್ತಿತ್ತೆಂದು ಪ್ರಾಚೀನರು ತಕರಾರೆತ್ತುವರಾದರೂ, ಗೆದ್ದವನೇ ಆದ್ಯಪ್ರವರ್ತಕನೆನಿಸುವುದು ಸಕಲ ಶಾಸ್ತ್ರಗಳಿಗೂ ಸಾಧಾರಣವಾದ್ದರಿಂದ ಆ ವಾದವನ್ನು ಇಲ್ಲಿಗೇ ಬಿಡೋಣ.

ಜಿಜ್ಞಾಸುವಿಗೆ ಮೊದಲು ಎದುರಾಗುವ ತೊಡಕು ಕುಕಿ. ಯಜ್ಞವು ಇಂದೇ ಮುಗಿದುಹೋಗುವುದು, ಸ್ವರ್ಗವು ಎಂದೋ ದೊರೆಯುವುದು. ನಡುವಣ ಕಂದಕವನ್ನು ದಾಟಿಸಲು ಪೂರ್ವಮೀಮಾಂಸಕರು 'ಅಪೂರ್ವ'ವೆಂಬ ಅದೃಶ್ಯಶಕ್ತಿಯನ್ನು ಒಪ್ಪಿಕೊಂಡರಷ್ಟೆ. ಅಂತೆಯೇ, ಲಿಂಕನ್ನೊತ್ತಿದ ಕ್ರಿಯೆಯು ಕ್ಷಣಮಾತ್ರದಲ್ಲಿ ಅಳಿದರೂ, ಗಿರಾಕಿಯು ಉಂಡು, ಮನೆಯಾಕೆಯನ್ನು ಕೇಳಿ, ರಾತ್ರಿ ಹತ್ತಕ್ಕೆ ಕುಕ್ಕರು ಕೊಂಡಾಗ ಅದರ ಫಲವು ಒತ್ತಿಸಿದವನಿಗೇ ಸಲ್ಲುವಂತೆ ಬ್ರೌಸರಿನೊಳಗೆ ಅಡಗಿ ಕುಳಿತ ಗುರುತೇ ಕುಕಿ. ಭೇದವಿಷ್ಟೇ: ವೈದಿಕರ ಅಪೂರ್ವವು ಫಲ ಕೊಡುವವರೆಗೂ ನಶಿಸದು, ಅಮೆಜಾನಿನದು ಸಾಮಾನ್ಯವಾಗಿ 24 ಗಂಟೆಗೆ ಕ್ಷಯಿಸುವುದು.

ಇನ್ನು ಫಲಾಧಿಕಾರ. ಕುಕ್ಕರಿನ ಗ್ಯಾಸ್ಕೆಟ್ಟು, ಸೀಟಿ, ತಳದ ದಪ್ಪಗಳನ್ನು ಕುರಿತು ವಿಡಿಯೋದಲ್ಲಿ ಅರ್ಧ ತಾಸು ಪ್ರವಚನ ಮಾಡಿ, 'ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ' ಎಂದು ಭರತವಾಕ್ಯ ನುಡಿದವನೊಬ್ಬ. ಹಣ ತೆರುವ ಗಳಿಗೆಯಲ್ಲಿ ಕೂಪನ್ನಿನಾಸೆ ತೋರಿಸಿ ತನ್ನ ಲಿಂಕನ್ನು ಒತ್ತಿಸಿಕೊಂಡವನು ಇನ್ನೊಬ್ಬ. ಕಮಿಷನ್ ಶ್ರಮಿಸಿದವನಿಗೆಂಬುದು ಪೂರ್ವಪಕ್ಷ. ಕಡೆಯಲ್ಲಿ ಒತ್ತಿಸಿದವನಿಗೆಂಬುದು 'ಲಾಸ್ಟ್ ಕ್ಲಿಕ್' ಸಿದ್ಧಾಂತ. ಪೂರ್ವಪಕ್ಷಿಯಲ್ಲಿ ನನಗೆ ಮರುಕವುಂಟು. ಆದರೆ ಮರುಕವನ್ನು ಯಾವ ದರ್ಶನವೂ ಪ್ರಮಾಣವೆಂದು ಎಣಿಸಿಲ್ಲ.

ಒತ್ತಿದ ನೂರು ಮಂದಿಯಲ್ಲಿ ಕೊಂಡವರೆಷ್ಟೆಂಬ ಲೆಕ್ಕ ಕನ್ವರ್ಷನ್ ರೇಟ್. ಗಿರಾಕಿಯು ಸರಕನ್ನು ಹಿಂದಿರುಗಿಸಿದರೆ, ಪುಣ್ಯ ತೀರಿದವನು ಸ್ವರ್ಗದಿಂದ ಜಾರುವ ಕ್ರಮದಲ್ಲಿಯೇ ಕಮಿಷನ್ನೂ ಜಾರುವುದು. ಇವು ಸುಲಭಬೋಧ್ಯ.

ಕ್ರಿಯೆಯಿಲ್ಲದೆಯೂ ಫಲವುಂಟೆಂಬ ಅವೈದಿಕ ಮತವೊಂದಿದೆ; ಯಾರೂ ಯಾವುದನ್ನೂ ಒತ್ತದಿರಲಾಗಿ, ಪುಟ ತೆರೆದ ಮಾತ್ರಕ್ಕೆ ಕುಕಿಯನ್ನು ಗುಟ್ಟಾಗಿ ತುರುಕುವ ಇದಕ್ಕೆ 'ಕುಕಿ ಸ್ಟಫಿಂಗ್' ಎಂದು ಹೆಸರು. ಇಬೇ ಸಂಸ್ಥೆಯ ಅಫಿಲಿಯೇಟರಲ್ಲಿ ಅಗ್ರಗಣ್ಯರಾಗಿದ್ದ ಇಬ್ಬರು ಈ ಮಾರ್ಗದಲ್ಲಿ ಲಕ್ಷಾಂತರ ಡಾಲರುಗಳ ಸಿದ್ಧಿಯನ್ನು ಪಡೆದಿರಲಾಗಿ, ಸಂಸ್ಥೆಯು 2008ರಲ್ಲಿ ದಾವೆ ಹೂಡಿತು. 2014ರಲ್ಲಿ ಅಮೆರಿಕದ ನ್ಯಾಯಾಲಯವು ಒಬ್ಬನಿಗೆ 5, ಮತ್ತೊಬ್ಬನಿಗೆ 15 ತಿಂಗಳ ಸೆರೆವಾಸವನ್ನು ವಿಧಿಸಿತು. ಈ ಫಲಕ್ಕೆ 24 ಗಂಟೆಗಳ ಮಿತಿಯು ಅನ್ವಯಿಸಲಿಲ್ಲ.