ವರ್ಣದ ಬೆನ್ನಿಗೇ ಮಂಗಳ

ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಭಾವನವರು ಬೆಳಗಿನ ವಾಕಿಂಗಿಗೆ ಹೊರಡುವುದು ಜೇಬಿನಲ್ಲೊಂದು ಪುಟ್ಟ ಎಂಪಿ3 ಪ್ಲೇಯರ್ ಇಟ್ಟುಕೊಂಡೇ. ಅದರಲ್ಲಿ 1ರಿಂದ 10ರವರೆಗೆ ನಂಬರು ಹಾಕಿದ ಹತ್ತು ಹಾಡುಗಳ ಒಂದು ಕಚೇರಿ. ಮೊದಲಿನ ವರ್ಣ ಮುಗಿಯುತ್ತಿದ್ದ ಹಾಗೇ ಕೊನೆಯ ಮಂಗಳ ಶುರು! "ಏನಯ್ಯಾ ಇದು, ತನಿ ಆವರ್ತನ ಬರೋಕ್ ಮುಂಚೇನೇ ಕೋಸಂಬರಿ ಹಂಚಿಬಿಟ್ರು" ಅಂತ ಅವರ ದೂರು.

ಪಾಪ, ಗಾಯಕರ ತಪ್ಪೇನಿಲ್ಲ. ಯಂತ್ರ 10 ಅನ್ನು ಹತ್ತು ಅಂತ ಓದುವುದಿಲ್ಲ, ಒಂದೊಂದೇ ಅಂಕಿಯನ್ನು ಅಕ್ಷರದ ಹಾಗೆ ನೋಡುತ್ತದೆ. ಹಾಗಾಗಿ 1ರ ಪಕ್ಕ 10, ಆಮೇಲೆ 2. ಇದೇ ಲೆಕ್ಕ ಹಿಡಿದರೆ ಜಯನಗರದ ಪೋಸ್ಟ್‌ಮ್ಯಾನ್ 33ನೇ ಕ್ರಾಸ್ ಮುಗಿಸಿದ ಮೇಲಷ್ಟೇ 4ನೇ ಕ್ರಾಸ್ ಹುಡುಕಬೇಕು!

ಕೆಲವು ಅಗ್ಗದ ಪ್ಲೇಯರುಗಳಿಗೆ ಅಷ್ಟು ಶಿಸ್ತೂ ಇಲ್ಲ. ಮೊದಲು ಕಾಪಿ ಮಾಡಿದ್ದೇ ಮೊದಲ ಹಾಡು. ಫೋಲ್ಡರಿಗೆ ಕನ್ನಡದಲ್ಲಿ ‘ದಾಸರ ಪದ’ ಅಂತ ಹೆಸರಿಟ್ಟರೋ, ಪರದೆ ತುಂಬ ಚೌಕಗಳು. ಗಾಯಕರ ಹೆಸರು ಹಿಡಿದು ಹುಡುಕೋಣವೆಂದರೆ, ಇಂಗ್ಲಿಷ್ ಸ್ಪೆಲಿಂಗಿನ ದೆಸೆಯಿಂದ ಪಿ.ಬಿ. ಶ್ರೀನಿವಾಸ್ ಒಬ್ಬರೇ ಮೂವರಾಗಿ ಕೂತಿರುತ್ತಾರೆ.

2001ರಲ್ಲಿ ಶುರುವಾದ ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅಂಕಿಗಳ ಈ ಗೊಂದಲಕ್ಕೆ ಮದ್ದಿದೆ: ಅಂಕಿಗಳನ್ನು ಪೂರ್ಣ ಸಂಖ್ಯೆಯಾಗಿ ಓದು ಅಂತ ಸೆಟಿಂಗ್ಸಿನಲ್ಲೇ ಹೇಳಿಬಿಡಬಹುದು. ಆದರೆ ಅದು ಎಲ್ಲ ಪ್ಲೇಯರಿಗೂ ಒಗ್ಗುವುದಿಲ್ಲ, ಭಾವನವರದಕ್ಕಂತೂ ಇಲ್ಲ. ಆದ್ದರಿಂದ, ಹಿರಿಯರಿಗೆ ಹಾಡು ತುಂಬಿಕೊಡುವ ಮಕ್ಕಳೇ, ಮೊಮ್ಮಕ್ಕಳೇ, 1ರ ಬದಲು 01, 2ರ ಬದಲು 02 ಅಂತ ಬರೆಯಿರಿ. ಕಾಪಿ ಮಾಡುವಾಗಲೂ ಅದೇ ಕ್ರಮದಲ್ಲಿ ಮಾಡಿ.