‘ಒಳಗೆ ಎಷ್ಟು ಬೇಕಾದರೂ ಕೂಗಿ’: ಫ್ರೀಡಂ ಪಾರ್ಕ್ ಜೊತೆ ಮಾತುಕತೆ

ಶೇಷಾದ್ರಿ ರಸ್ತೆಯ ಗೇಟಿನಲ್ಲಿ ಪೊಲೀಸರೊಬ್ಬರು ಬ್ಯಾಗು ತಡವಿ ನೋಡಿ, ‘ಯಾವ ಸಂಘದವರು?’ ಎಂದರು. ಸಂಘ ಇಲ್ಲ ಸಾರ್, ಪಾರ್ಕನ್ನೇ ಮಾತಾಡಿಸಿ ಹೋಗೋಣ ಅಂತ ಬಂದೆ ಎಂದೆ. ‘ಎಷ್ಟು ಜನ ಬರ್ತೀರಿ? ಮೈಕ್ ಉಂಟಾ?’ ಎಂದು ಬರೆದುಕೊಳ್ಳಲು ಪುಸ್ತಕ ತೆಗೆದರು. ಒಬ್ಬನೇ, ಮೈಕಿಲ್ಲ ಎಂದ ಮೇಲೆ ಅವರಿಗೂ ಆಸಕ್ತಿ ಹೋಯಿತು.

ನಾನು: ನಮಸ್ಕಾರ. ತಮ್ಮ ಪೂರ್ವಾಶ್ರಮದಿಂದ ಶುರು ಮಾಡೋಣವೇ?

ಪಾರ್ಕ್: ಸೆಂಟ್ರಲ್ ಜೈಲು ಕಣ್ರೀ, ಮುಚ್ಚಿಡೋಕೆ ಏನಿದೆ? ಕೈದಿಗಳನ್ನ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು, 2008ರಲ್ಲಿ ನನಗೆ ಸುಣ್ಣಬಣ್ಣ ಬಳಿದು ಹೊಸ ಹೆಸರಿಟ್ಟರು. ಕಾವಲು ಗೋಪುರ ಮಾತ್ರ ಹಾಗೇ ಇದೆ. ಆಗ ಜನರನ್ನ ವ್ಯಾನಿನಲ್ಲಿ ತುಂಬಿಕೊಂಡು ತರ್ತಿದ್ದರು. ಈಗ ಅವರೇ ಬಸ್ ಚಾರ್ಜು ಕೊಟ್ಟು ಬರ್ತಾರೆ. ಸರ್ಕಾರಕ್ಕೆ ಉಳಿತಾಯ.

ನಾನು: ದೊಡ್ಡ ದೊಡ್ಡವರು ಇಲ್ಲಿದ್ದು ಹೋಗಿದ್ದಾರಂತೆ.

ಪಾರ್ಕ್: ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು. ಸಭೆ ಬಿಟ್ಟು ನನ್ನ ಅತಿಥಿಗಳಾದರು. ಆ ಕಥೆ ಪ್ರತಿ ಜೂನ್‌ನಲ್ಲೂ ಕೇಳಿಬರುತ್ತೆ. ಸ್ನೇಹಲತಾ ರೆಡ್ಡಿಯವರ ಕಥೆ ಅಷ್ಟು ಕೇಳಿಸಲ್ಲ. ‘ಸಂಸ್ಕಾರ’ ಸಿನಿಮಾದ ಚಂದ್ರಿ, ಗೊತ್ತಲ್ಲ? ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿ 1976ರ ಮೇನಲ್ಲಿ ಹಿಡಿದು ತಂದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಯಮ್ಮನಿಗೆ ಉಬ್ಬಸ. ರಾತ್ರಿಯೆಲ್ಲ ಉಸಿರೆಳೆಯೋ ಸದ್ದು ಕೇಳ್ತಾ ಇದ್ದವನು ನಾನು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಮುಂದೆ ಪ್ರಧಾನಿ ಆದವರ ಸೆರೆವಾಸಕ್ಕೆ ಭಾಷಣ ಉಂಟು. ಐದನೇ ದಿನಕ್ಕೆ ಸತ್ತವರ ಸೆರೆವಾಸಕ್ಕೆ ಯಾರು ಶಾಮಿಯಾನ ಹಾಕ್ತಾರೆ?

ನಾನು: ಈಗ ಬೆಂಗಳೂರಿನ ಪ್ರತಿಭಟನೆಗೆಲ್ಲ ತಾವೊಬ್ಬರೇ ಗುತ್ತಿಗೆದಾರರು.

ಪಾರ್ಕ್: ಟೆಂಡರ್ ಇಲ್ಲದೆ, ಕಮಿಷನ್ ಕೊಡದೆ ಸಿಕ್ಕ ಗುತ್ತಿಗೆ ಈ ಊರಲ್ಲಿ ಇದೊಂದೇ ಇರಬೇಕು. ಮೊದಲು ಟೌನ್‌ಹಾಲ್ ಮೆಟ್ಟಿಲಿತ್ತು, ಮೈಸೂರು ಬ್ಯಾಂಕ್ ಸರ್ಕಲ್ ಇತ್ತು. ಪ್ರತಿಭಟನೆಯಿಂದ ಟ್ರಾಫಿಕ್‌ಗೆ ತೊಂದರೆ ಅನ್ನೋ ವಿಚಾರವನ್ನ 2021ರಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ವರ್ಷ ಸರ್ಕಾರದ ಆದೇಶವೂ ಬಂತು: ಕೂಗೋದೇನಿದ್ದರೂ ಅನುಮತಿ ಪಡೆದು ನನ್ನ ಕಾಂಪೌಂಡಿನ ಒಳಗೆ.

ನಾನು: ಟ್ರಾಫಿಕ್ ತೊಂದರೆ ಸುಳ್ಳೇನಲ್ಲವಲ್ಲ? ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ?

ಪಾರ್ಕ್: ಸುಳ್ಳಲ್ಲ. ಆಂಬುಲೆನ್ಸ್ ತಡೆಯೋ ಧರಣಿ ನನಗೂ ಬೇಡ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಸಂಜೆ ಯಾವ ಸಂಘದವರು ಧರಣಿ ಕೂತಿರ್ತಾರೆ, ಸ್ವಲ್ಪ ಹೇಳಿ? ಅದೂ ಹೋಗಲಿ. 2025ರ ಜೂನ್ 4ಕ್ಕೆ ಕಪ್ ಗೆದ್ದವರಿಗೆ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಆಯ್ತು. ಅದೇ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತಕ್ಕೆ 11 ಜನ ಸತ್ತರು. ಕುಣಿಯೋಕೆ ಊರೆಲ್ಲ ಜಾಗ ಉಂಟು ಸ್ವಾಮಿ, ಕೇಳೋಕೆ ಮಾತ್ರ ನನ್ನ ಗೋಡೆಯೊಳಗೆ ಬರಬೇಕು.

ನಾನು: ಇಲ್ಲಿ ಕೂತವರಲ್ಲಿ ಯಾರು ನೆನಪಲ್ಲಿದ್ದಾರೆ?

ಪಾರ್ಕ್: ಆಶಾ ಕಾರ್ಯಕರ್ತೆಯರು. ಅದೇ 2025ರ ಜನವರಿ ಚಳಿಯಲ್ಲಿ ನಾಲ್ಕು ದಿನ, ಹಗಲೂ ರಾತ್ರಿ, ಎಲ್ಲಿ ನೋಡಿದರೂ ಗುಲಾಬಿ ಸೀರೆ. ತಿಂಗಳಿಗೆ 15,000 ರೂಪಾಯಿ ಕೇಳಿದ್ದರು. ಕನಿಷ್ಠ 10,000 ಸಿಗುತ್ತೆ ಅಂತ ಭರವಸೆ ಕೊಟ್ಟು ಎಬ್ಬಿಸಿದರು. ಆಗಸ್ಟ್‌ನಲ್ಲಿ ಮತ್ತೆ ಬಂದು ಕೂತರು. ಮಿಕ್ಸಿಗಾದರೂ ಎರಡು ವರ್ಷ ವಾರಂಟಿ ಕೊಡ್ತಾರೆ. ಒಬ್ಬಾಕೆ ಚಪ್ಪಲಿಯನ್ನ ಬ್ಯಾಗಿಗೆ ಹಾಕಿ, ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದರು. ನಡುರಾತ್ರಿ ಫೋನು. ಊರಲ್ಲಿ ಯಾರೋ ಬಸುರಿಗೆ ನೋವು ಶುರುವಾಗಿತ್ತು. ‘108ಕ್ಕೆ ಮಾಡು, ತಾಯಿ ಕಾರ್ಡು ಮರೀಬೇಡ, ಅತ್ತೆ ಬೇಡ ಅಂದ್ರೂ ಮನೇಲಿ ಇರಬೇಡ’ ಅಂತ ಪಿಸುಮಾತಲ್ಲಿ ಗದರಿಸ್ತಿದ್ದರು. ಸಂಬಳ ಸಾಲದು ಅಂತ ಮುಷ್ಕರಕ್ಕೆ ಬಂದವರು ಮುಷ್ಕರದಲ್ಲೂ ಡ್ಯೂಟಿ ಮಾಡ್ತಾರೆ. ವಿಧಾನಸೌಧದ ಹಣೆ ಮೇಲೆ ಬರೆದಿರೋ ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನೋದನ್ನ ನಂಬಿದವರು ಇವರೇ ಇರಬೇಕು. ದೇವರ ಕೆಲಸಕ್ಕೆ ಸಂಬಳ ಕೇಳಬಾರದು ಅಂತ ಅಲ್ಲಿನವರು ಅರ್ಥ ಮಾಡಿಕೊಂಡಿದ್ದಾರೆ.

ನಾನು: ರಾಜಕಾರಣಿಗಳು ಬರ್ತಾರಾ?

ಪಾರ್ಕ್: ಸರದಿ ಪ್ರಕಾರ ಎಲ್ಲರೂ. ವಿರೋಧ ಪಕ್ಷದಲ್ಲಿದ್ದಾಗ ಜನರ ಜೊತೆ ಜಮಖಾನೆ ಮೇಲೆ, ಮಂತ್ರಿಯಾದ ಮೇಲೆ ಮನವಿ ಪತ್ರ ಇಸ್ಕೊಳ್ಳೋಕೆ ಹತ್ತು ನಿಮಿಷ. ಶಾಲಿನ ಬಣ್ಣ ಬೇರೆ, ಭಾಷಣ ಒಂದೇ. 2025ರ ಆಗಸ್ಟ್‌ನಲ್ಲಿ ರಾಜ್ಯ ಆಳೋ ಪಕ್ಷವೇ ಮತ ಕಳವು ಆಗಿದೆ ಅಂತ ಇಲ್ಲಿ ಸಮಾವೇಶ ಮಾಡಿತು, ರಾಹುಲ್ ಗಾಂಧಿಯೂ ಬಂದಿದ್ದರು. ಪ್ರತಿಭಟಿಸೋಕೆ ಆಳುವವರಿಗೂ ನಾನೇ ಗತಿ. ವ್ಯತ್ಯಾಸ ಇಷ್ಟೇ: ಸಭೆ ಮುಗಿದ ಮೇಲೆ ಅವರಿಗೆ ವಾಪಸ್ ಹೋಗೋಕೆ ವಿಧಾನಸೌಧ ಇದೆ.

ನಾನು: ಇಲ್ಲಿ ಕೂತು ಗೆದ್ದವರೂ ಇದ್ದಾರಲ್ಲ?

ಪಾರ್ಕ್: ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ರೈತರು. 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳೋಕೆ ತಮ್ಮೂರಲ್ಲೇ ಸಾವಿರಕ್ಕೂ ಹೆಚ್ಚು ದಿನ ಕೂತಿದ್ದರು. 2025ರ ಜೂನ್‌ನಲ್ಲಿ ಪೊಲೀಸರು ಎತ್ತಿ ವ್ಯಾನಿಗೆ ಹಾಕಿದ ಮೇಲೆ ನನ್ನ ಹತ್ತಿರ ಬಂದರು. ಜುಲೈ 15ಕ್ಕೆ ಭೂಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಹೇಳಿದರು. ನನ್ನ ಕಾಲ್ಗುಣ ಅಂತ ಕೊಚ್ಚಿಕೊಳ್ಳಲ್ಲ. ಗೆದ್ದದ್ದು ಅವರ ಹಟ. ಆದರೆ ಅವತ್ತು ಜಮೀನೇ ಇಲ್ಲದ ಸಿಟಿಯವರೂ ಬಂದು ಪಕ್ಕದಲ್ಲಿ ಕೂತಿದ್ದರು. ಅಂಥದ್ದು ನನ್ನಲ್ಲಿ ದಿನಾ ನಡೆಯಲ್ಲ.

ನಾನು: ಹಾಗಾದರೆ ದೂರು ಏನು?

ಪಾರ್ಕ್: ರೀ, ಪ್ರತಿಭಟನೆ ಅಂದ್ರೆ ದಾರಿಹೋಕ ‘ಏನಾಯ್ತಮ್ಮ?’ ಅಂತ ನಿಲ್ಲಬೇಕು. ಇಲ್ಲಿ ಕೂಗಿದ್ದು ಯಾರಿಗೆ ಕೇಳುತ್ತೆ? ಪೊಲೀಸರಿಗೆ, ಕಡಲೆಕಾಯಿ ಮಾರೋನಿಗೆ, ಪಕ್ಕದ ಬಹುಮಹಡಿ ಪಾರ್ಕಿಂಗ್‌ನಲ್ಲಿ ಕಾರಿಗೆ ಜಾಗ ಹುಡುಕೋನಿಗೆ. ಗೋಡೆಗೂ ಕಿವಿ ಇರುತ್ತೆ ಅಂತೀರಿ. ಈ ಊರಲ್ಲಿ ಗೋಡೆಗೆ ಮಾತ್ರ ಇರೋದು. ಆತ್ಮಸಾಕ್ಷಿಗೆ ಒಂದು ವಿಳಾಸ ಕೊಟ್ಟು, ಸುತ್ತ ಕಾಂಪೌಂಡು ಕಟ್ಟಿ, ನೀವೆಲ್ಲ ನಿಶ್ಚಿಂತೆಯಿಂದ ಮಾಲ್‌ಗೆ ಹೋದಿರಿ.

ನಾನು: ನಾನು ದಿನಾ ಇದೇ ರಸ್ತೆಯಲ್ಲಿ ಓಡಾಡೋನು.

ಪಾರ್ಕ್: ಗೊತ್ತು. ನಿಮ್ಮ ಹಾರ್ನ್ ಗುರುತಿದೆ.

ನಾನು: (ಗಂಟಲು ಸರಿಮಾಡಿಕೊಂಡು) ಓದುಗರಿಗೆ ಏನಾದರೂ ಹೇಳ್ತೀರಾ?

ಪಾರ್ಕ್: ಒಂದು ದಿನ ಬನ್ನಿ ಅಂತ ಹೇಳಿ. ಮೆಜೆಸ್ಟಿಕ್‌ನಿಂದ ನಡೆದೇ ಬರಬಹುದು. ಘೋಷಣೆ ಕೂಗಬೇಕಾಗಿಲ್ಲ, ಬಾವುಟ ಹಿಡಿಯೋದು ಬೇಡ, ಫೋಟೊ ತೆಗೆದು ಹಾಕೋದಂತೂ ಬೇಡವೇ ಬೇಡ. ಯಾರಾದರೂ ಕೂತಿರ್ತಾರೆ. ಪಕ್ಕದಲ್ಲಿ ಕೂತು, ಯಾವ ಊರಮ್ಮ, ಯಾಕೆ ಬಂದಿರಿ, ಊಟ ಆಯ್ತಾ ಅಂತ ಕೇಳಿ. ಅದಕ್ಕೆ ಸದ್ಯಕ್ಕೆ ಯಾರ ಅನುಮತಿಯೂ ಬೇಕಿಲ್ಲ.